ನೀಲಗಿರಿ ಕಿತ್ತ ಊರು

ಪೋರ್ಚುಗಲ್‌ನ ಪೆನೆಲಾಗೆ ಹೋಗ್ತೀವಿ ಅಂದಾಗ ತಮ್ಮನ ಲ್ಯಾಬಿನವರೇ "ಅಲ್ಲೇನಿದೆ ನೋಡೋಕೆ?" ಅಂತ ಕೇಳಿದರಂತೆ. ನನಗೆ ಅಷ್ಟೇ ಸಾಕಾಯಿತು. ಅದಕ್ಕೆ ಮೊದಲು ಸಿಂತ್ರಾದ ಒಂದು ಅರಮನೆ ಮುಂದೆ ಬಿಸಿಲಲ್ಲಿ ಕ್ಯೂ ನಿಂತು, ಒಳಗೆ ಹೋಗಿ, ಮುಂದಿನವರ ಬೆನ್ನು ನೋಡಿಕೊಂಡು ಹೊರಗೆ ಬಂದಿದ್ದೆ. ಲಿಸ್ಬನ್, ಪೋರ್ತೊ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಅದನ್ನೆಲ್ಲ ಅವರಿಗೇ ಬಿಡ್ತೀನಿ.

ತಮ್ಮ ಅಂದರೆ ಚಿಕ್ಕಪ್ಪನ ಮಗ. ಕೊಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡ್ತಾನೆ, ಪೋರ್ಚುಗೀಸ್ ಚೆನ್ನಾಗಿ ಬರುತ್ತೆ. ಕೊಯಿಂಬ್ರಾದಲ್ಲೇ ಎರಡು ಮೌಂಟನ್ ಬೈಕ್ ಬಾಡಿಗೆಗೆ ತಗೊಂಡು, ಅವನ ಗೆಳೆಯನ ವ್ಯಾನಿನಲ್ಲಿ ಹಾಕಿಕೊಂಡು ದಕ್ಷಿಣಕ್ಕೆ ಹೊರಟೆವು. ಸೈಕಲ್ ಅಂಗಡಿಯವನ ವಿಷಯ ಆಮೇಲೆ ಹೇಳ್ತೀನಿ.

ಪೆನೆಲಾ ಚಿಕ್ಕ ಊರು. ನೆತ್ತಿಯಲ್ಲಿ ಕೋಟೆ. ಬಂಡೆ ಎತ್ತ ತಿರುಗಿದೆಯೋ ಗೋಡೆಯೂ ಅತ್ತಲೇ ತಿರುಗಿದೆ. 11ನೇ ಶತಮಾನದಲ್ಲಿ ಕೊಯಿಂಬ್ರಾ ಮುಸ್ಲಿಂ ಅರಸರಿಂದ ಕ್ರೈಸ್ತರ ಕೈಗೆ ಬಂದ ಮೇಲೆ, ದಕ್ಷಿಣದ ಗಡಿ ಕಾಯಲು ಎಬ್ಬಿಸಿದ ಕೋಟೆಗಳ ಸಾಲಿನಲ್ಲಿ ಇದೂ ಒಂದು. ಮುಂದೆ ಪೋರ್ಚುಗಲ್‌ನ ಮೊದಲ ರಾಜನಾದ ಅಫೊನ್ಸೊ ಹೆನ್ರಿಕೆಸ್ 1137ರಲ್ಲಿ ಈ ಊರಿಗೆ ಸನ್ನದು ಕೊಟ್ಟಾಗ ಅವನಿನ್ನೂ ರಾಜ ಅಂತ ಕರೆಸಿಕೊಂಡಿರಲಿಲ್ಲ. ಮುಂದೆ ಈ ಸೀಮೆ ರಾಜಕುಮಾರ ಪೆದ್ರೊನ ಪಾಲಿಗೆ ಬಂತು. ಯುರೋಪಿನ ಆಸ್ಥಾನಗಳನ್ನೆಲ್ಲ ಸುತ್ತಿ ಬಂದ ದೊಡ್ಡ ತಿರುಗಾಡಿ ಅವನು. 1449ರಲ್ಲಿ ಸ್ವಂತ ಅಳಿಯನ, ಅಂದರೆ ಆಗಿನ ರಾಜನ, ಸೈನ್ಯದ ಎದುರೇ ಸತ್ತ. ಇಷ್ಟೆಲ್ಲ ನಡೆದ ಕೋಟೆಯಲ್ಲಿ ಆ ಬೆಳಿಗ್ಗೆ ನಾವಿಬ್ಬರು ಬಿಟ್ಟರೆ ಒಂದು ಬೆಕ್ಕು ಇತ್ತು.

ಕೆಳಗೆ ಕೆಫೆಯಲ್ಲಿ ರಬಸಾಲ್ ಚೀಸ್ ತಿಂದೆವು. ಪಕ್ಕದ ರಬಸಾಲ್ ಸೀಮೆಯದು, ಕುರಿ ಹಾಲು ಮೇಕೆ ಹಾಲು ಬೆರೆಸಿ ಮಾಡ್ತಾರೆ. ಬಿಳಿ, ಸ್ವಲ್ಪ ಗಟ್ಟಿ, ತುದಿನಾಲಿಗೆಗೆ ಉಪ್ಪು. ರೊಟ್ಟಿ, ಟೊಮೆಟೊ ಜೊತೆ ಅದೊಂದಿದ್ದರೆ ಊಟವೇ ಬೇಡ. ಪೋರ್ಚುಗಲ್‌ನಲ್ಲಿ ಎಲ್ಲರೂ ಹೊಗಳುವ ಒಣ ಕಾಡ್ (cod) ಮೀನು ನನಗೆ ಒಂದು ದಿನವೂ ಹಿಡಿಸಲಿಲ್ಲ. ಎಷ್ಟು ನೆನೆಸಿದರೂ ನಾರು ನಾರು.

ಊರಿನಿಂದ ಲೋಸಾ ಬೆಟ್ಟಸಾಲಿನ ಕಡೆ ಹತ್ತಬೇಕು. ನಮ್ಮ ಗುರಿ ಫೆರಾರಿಯಾ ದೆ ಸಾಂವ್ ಜುವಾಂವ್ ಅನ್ನೋ ಹಳ್ಳಿ. ಈ ಭಾಗದಲ್ಲಿ ಕಲ್ಲಿನ ಮನೆಗಳ ಹಳೇ ಹಳ್ಳಿಗಳನ್ನು ಒಟ್ಟು ಸೇರಿಸಿ ಪ್ರವಾಸಿಗರಿಗೆ ಅಣಿ ಮಾಡಿದ್ದಾರೆ. ಫೆರಾರಿಯಾದಲ್ಲಿ ಮೌಂಟನ್ ಬೈಕ್ ಕೇಂದ್ರವೇ ಇದೆ. ಅಲ್ಲಿಂದ ಕಾಡಿನೊಳಗೆ ಹೊರಡುವ ದಾರಿಗಳಿಗೆ ಹಸಿರು, ನೀಲಿ, ಕೆಂಪು, ಕಪ್ಪು ಅಂತ ಕಷ್ಟಕ್ಕೆ ತಕ್ಕ ಬಣ್ಣ ಹಚ್ಚಿದ್ದಾರೆ. ನಮ್ಮಂಥವರಿಗೆ ಹಸಿರು, ನೀಲಿ ಸಾಕು. ಕೆಂಪಿನಲ್ಲಿ ಚೂರುಕಲ್ಲು ಜಾಸ್ತಿ, ಚಕ್ರ ಜಾರುತ್ತೆ.

ಹತ್ತುತ್ತಾ ಹತ್ತುತ್ತಾ ಮೂಗಿಗೆ ಆ ವಾಸನೆ ಬಡಿಯಿತು. ತಲೆ ಎತ್ತಿದರೆ ಎರಡೂ ಕಡೆ ನೀಲಗಿರಿ. ಸಿಪ್ಪೆ ಉದ್ದುದ್ದ ಸುಲಿದು ನೇತಾಡ್ತಾ ಇದೆ, ನೆಲದ ಮೇಲೆ ಒಣ ಎಲೆಯ ಹಾಸು. ನಾನು ಮಾಲೂರಿನವನು. ರಜೆಯಲ್ಲಿ ಸೌದೆಗೆ ನೀಲಗಿರಿ ತರಗು ಗುಡಿಸಿ ತಂದವನು. ಯುರೋಪಿನ ಕಾಡು ನೋಡೋಣ ಅಂತ ಬಂದರೆ ದೊಡ್ಡಪ್ಪನ ತೋಪಿನಲ್ಲೇ ಸೈಕಲ್ ತುಳಿದ ಹಾಗಾಯಿತು! ಒಂದು ಹಕ್ಕಿ ಸದ್ದಿಲ್ಲ. ತಮ್ಮ ಹೇಳಿದ, ಈ ದೇಶದ ಕಾಡಿನಲ್ಲಿ ಕಾಲು ಭಾಗದಷ್ಟು ಈಗ ಇದೇ ಮರ, ಎಲ್ಲ ಕಾಗದದ ಕಾರ್ಖಾನೆಗೆ ಅಂತ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಕಡಿದರೆ ಬುಡದಿಂದ ತಾನೇ ಚಿಗುರುತ್ತೆ. ಊರು ಬಿಟ್ಟು ಲಿಸ್ಬನ್ನಿಗೋ ಫ್ರಾನ್ಸಿಗೋ ಹೋದವರಿಗೆ ಇಷ್ಟು ಸುಲಭದ ಬೆಳೆ ಇನ್ನೊಂದಿಲ್ಲ. ಕೋಲಾರದಲ್ಲೂ ಇದೇ ಲೆಕ್ಕಾಚಾರ ತಾನೆ ನಡೆದದ್ದು?

ಹಳ್ಳಿಗೆ ಇಳಿಯುವಾಗ ನನ್ನ ಸೈಕಲ್ಲಿನ ಹಿಂದಿನ ಬ್ರೇಕ್ ಕಿರ್ರೋ ಅಂತ ಕೂಗಿ, ಆಮೇಲೆ ಹಿಡಿಯೋದನ್ನೇ ಬಿಟ್ಟಿತು. ಕಾಲು ನೆಲಕ್ಕೆ ಉಜ್ಜುತ್ತಾ ಹೇಗೋ ಬೇಲಿ ಪಕ್ಕ ನಿಂತೆ. ಬಗ್ಗಿ ನೋಡಿದರೆ ಪ್ಯಾಡ್ ಅನ್ನೋದೇ ಇಲ್ಲ, ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತಿದೆ. ಬಾಡಿಗೆ ಸೈಕಲ್ ತಗೊಳ್ಳುವಾಗ ಅಂಗಡಿಯವನ ಮುಗುಳ್ನಗೆ ನೋಡಬೇಡಿ, ಮೊಬೈಲ್ ಟಾರ್ಚ್ ಬಿಟ್ಟು ಡಿಸ್ಕ್ ನಡುವೆ ಇಣುಕಿ ನೋಡಿ. ಪ್ಯಾಡ್ ತೆಳ್ಳಗಿದ್ದರೆ ಅಲ್ಲೇ ಬದಲಿಸಲು ಹೇಳಿ. ಬೈಕ್ ಕೇಂದ್ರದಲ್ಲಿ ಗಾಳಿ ಇತ್ತು, ಸೈಕಲ್ ತೊಳೆಯೋಕೆ ನೀರಿತ್ತು. ಪ್ಯಾಡ್ ಎಲ್ಲಿಂದ ಬರಬೇಕು? ಗೆಳೆಯ ವ್ಯಾನ್ ತರುವವರೆಗೆ ಕಾಯಬೇಕಾಯಿತು. ಹಾಗಾಗಿ ಸಿಕ್ಕವಳು ಆ ಅಜ್ಜಿ.

ಮನೆ ಮುಂದಿನ ಕಲ್ಲಿನ ಮೇಲೆ ಕೂತು ಹುರುಳಿಕಾಯಿ ನಾರು ತೆಗೀತಿದ್ದಳು. ಸೈಕಲ್ ನೋಡಿದಳು, ನಮ್ಮನ್ನು ನೋಡಿದಳು. "ಎಲ್ಲಿಯವರು?" ತಮ್ಮ ಇಂಡಿಯಾ ಅಂದ. "ಗೋವಾನಾ?" ಅಂತ ಕೇಳಿದಳು. ಈ ದೇಶದಲ್ಲಿ ಎಲ್ಲರೂ ಕೇಳುವ ಎರಡನೇ ಪ್ರಶ್ನೆ ಅದು. ತಮ್ಮ ಈಗೀಗ "ಅದರ ಪಕ್ಕ" ಅಂದುಬಿಡ್ತಾನೆ. ಕೋಲಾರ ಗೋವಾದ ಪಕ್ಕ!

ಅವಳ ಮನೆ ಹಿಂದೆ ದಪ್ಪ ಬುಡದ ಮರಗಳ ಒಂದು ತೋಪು. ಬಾಟಲಿ ಬಿರಡೆ ಮಾಡ್ತಾರಲ್ಲ, ಆ ಕಾರ್ಕ್ ಓಕ್. ನಾನು ಹೋಗಿ ಮುಟ್ಟಿ ನೋಡಿದೆ. ತೊಗಟೆಗೆ ಹೆಬ್ಬೆರಳು ಒತ್ತಿದರೆ ಒಳಗೆ ಹೋಗಿ, ಬಿಟ್ಟರೆ ಮೆಲ್ಲಗೆ ಮೇಲೆ ಬರುತ್ತೆ. ಬಿರುಕುಗಳಲ್ಲಿ ಇನ್ನೂ ಮಸಿ ಇತ್ತು, ಬೆರಳು ಕಪ್ಪಾಯಿತು. "ಅದು ಬೆಂಕಿದು," ಅಂದಳು ಅಜ್ಜಿ, ಕಾಯಿಯಿಂದ ಕಣ್ಣು ತೆಗೆಯದೆ.

2017ರ ಜೂನ್ ತಿಂಗಳ ಬೆಂಕಿ. ಬೆಟ್ಟದ ಆಚೆ ಪೆದ್ರೋಗಾಂವ್ ಗ್ರಾಂದ್‌ನಲ್ಲಿ 17ನೇ ತಾರೀಕು ಹೊತ್ತಿಕೊಂಡಿತು. ಒಟ್ಟು 66 ಜನ ಸತ್ತರು. ಅವರಲ್ಲಿ 47 ಜನ 236-1 ಅನ್ನೋ ಒಂದೇ ಹೆದ್ದಾರಿಯಲ್ಲಿ, ಬೆಂಕಿಯಿಂದ ಪಾರಾಗಲು ಹೊರಟವರು. ರಸ್ತೆಯ ಎರಡೂ ಬದಿಗೆ ಪೈನ್, ನೀಲಗಿರಿ. ಆ ಬೆಂಕಿ ಫೆರಾರಿಯಾದವರೆಗೂ ಬಂತು.

"ಸದ್ದು ಬಂತು ಮೊದಲು," ಅಂದಳು. "ಲಾರಿಗಳು ಬರ್ತಿವೆ ಅಂದುಕೊಂಡೆ. ನೀಲಗಿರಿ ಸಿಪ್ಪೆ ಉರೀತಾ ಹಾರಿ ಬರ್ತಿತ್ತು. ನಾವು ಬಕೆಟ್ಟು, ಪೈಪು, ಸೊಪ್ಪು, ಏನು ಸಿಕ್ಕರೆ ಅದು ಹಿಡಿದು ನಿಂತ್ವಿ. ಈ ಮರಗಳ ಹತ್ತಿರ ಬಂದಾಗ ಅದು ಕುಗ್ಗಿತು. ತೊಗಟೆ ಸುಟ್ಟಿತು, ಮರ ಸಾಯಲಿಲ್ಲ."

"ಆಮೇಲೆ?"

"ಆಮೇಲೆ ಜಗಳ."

ಇಲ್ಲಿ ಹುರುಳಿಕಾಯಿ ಬಟ್ಟಲು ಪಕ್ಕಕ್ಕಿಟ್ಟಳು. ಊರವರೆಲ್ಲ ಕೂಡಿ ಊರಿನ ಸುತ್ತ ಒಂದು ಪಟ್ಟಿಯಷ್ಟು ಜಾಗದಲ್ಲಿ ನೀಲಗಿರಿ ಪೂರಾ ಕೀಳೋಣ, ಓಕ್, ಚೆಸ್ಟ್‌ನಟ್ ಥರದ ಮರ ನೆಡೋಣ ಅಂತ ತೀರ್ಮಾನ ಮಾಡಿದರು. ಆದರೆ ಜಮೀನು ಪಾಲಾಗಿ ಪಾಲಾಗಿ ಕರವಸ್ತ್ರದಷ್ಟಾಗಿದೆ. ಒಡೆಯರು ಎಲ್ಲೆಲ್ಲೋ. ಕೆಲವರು ಸತ್ತೇ ಹೋಗಿದ್ದಾರೆ, ಮಕ್ಕಳಿಗೆ ತಮ್ಮ ಜಾಗ ಯಾವುದು ಅಂತಲೇ ಗೊತ್ತಿಲ್ಲ. ಒಬ್ಬೊಬ್ಬರಿಗೂ ಫೋನ್ ಹಚ್ಚಿ ಒಪ್ಪಿಸಬೇಕಾಯಿತಂತೆ. "ನಮ್ಮ ಯಜಮಾನರ ತಮ್ಮನೇ ಒಪ್ಪಲಿಲ್ಲ. ಒಂದು ಕಡಿತದ ದುಡ್ಡು ಹೋಗುತ್ತಲ್ಲ ಅಂದ. ಕ್ರಿಸ್ಮಸ್ಸಿಗೆ ಬಂದಾಗ ಊಟಕ್ಕೆ ಹಾಕಲ್ಲ ಅಂದೆ. ಒಪ್ಪಿದ." ಕಡಿದರೆ ಸಾಲದು, ಮತ್ತೆ ಚಿಗುರುತ್ತೆ. ಬುಡ ಸಮೇತ ಕೀಳಬೇಕು. ಹಿಟಾಚಿ ತರಿಸಿ ಕಿತ್ತರು.

ಈಗ ಮನೆಯಿಂದ 50 ಮೀಟರು, ಊರಿನಿಂದ 100 ಮೀಟರುವರೆಗೆ ಕುರುಚಲು ಸವರಬೇಕು ಅಂತ ಕಾನೂನೂ ಇದೆ, ತಪ್ಪಿದರೆ ದಂಡ. "ಸವರೋಕೆ ಆಳು ಎಲ್ಲಿದ್ದಾರೆ? ಮೊದಲು ಮೇಕೆ ಇದ್ವು. ದಂಡ ಕೇಳ್ತಿರಲಿಲ್ಲ, ಹಾಲೂ ಕೊಡ್ತಿದ್ವು." ಊರ ಅಂಚಿನ ಸಾಲು ಕಲ್ಲುದೊಡ್ಡಿಗಳನ್ನು ತೋರಿಸಿದಳು.

ಕಾರ್ಕ್ ಮರದ ಲೆಕ್ಕ ಕೇಳಿದರೆ ನಮಗೆ ಆಶ್ಚರ್ಯ ಆಗುತ್ತೆ. ಮೊದಲ ತೊಗಟೆ ಬಿಡಿಸಲು ಸುಮಾರು 25 ವರ್ಷ ಕಾಯಬೇಕು. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಬಿಡಿಸಿದ ವರ್ಷದ ಕೊನೆಯ ಅಂಕಿಯನ್ನು ಬಣ್ಣದಲ್ಲಿ ಕಾಂಡದ ಮೇಲೆ ಬರೀತಾರೆ. ಬಿರಡೆಗೆ ಆಗುವ ಒಳ್ಳೇ ತೊಗಟೆ ಮೂರನೇ ಸುಲಿತದಿಂದ. ಅಷ್ಟರಲ್ಲಿ ನೆಟ್ಟವನಿಗೆ ಮೊಮ್ಮಕ್ಕಳಾಗಿರ್ತಾರೆ.

ನಮ್ಮ ಕಡೆಯೂ ನೀಲಗಿರಿ ಇದೆ, ಅದೇ 2017ರಲ್ಲಿ ನಮ್ಮ ಸರ್ಕಾರವೂ ಹೊಸದಾಗಿ ನೆಡಬಾರದು ಅಂತ ಆದೇಶ ಮಾಡಿತು ಅಂತ ತಮ್ಮನ ಕೈಲಿ ಹೇಳಿಸಿದೆ. ಅಲ್ಲಿ ಬೆಂಕಿಯ ಭಯವಲ್ಲ, ಬೋರ್‌ವೆಲ್ ಬತ್ತುತ್ತವೆ ಅನ್ನೋ ಭಯ. ಅಜ್ಜಿಗೆ ಖುಷಿಯಾಯಿತು.

"ನೀವೂ ಕಿತ್ತಿರಾ?"

"ಕಿತ್ತರು. ದೊಡ್ಡಪ್ಪನ ತೋಪು ಪೂರ್ತಿ."

"ಏನು ನೆಟ್ಟಿರಿ?"

ತಮ್ಮ ನನ್ನ ಕಡೆ ತಿರುಗಿದ. "ಏನ್ ಹೇಳ್ಲಿ ಅಣ್ಣ?" ದೊಡ್ಡಪ್ಪನ ತೋಪು ಈಗ ಲೇಔಟ್. ಇದ್ದದ್ದು ಹೇಳು ಅಂದೆ. ಮನೆ ಕಟ್ಟೋಕೆ ಸೈಟು ಮಾಡಿದ್ದಾರೆ ಅಂತ ಅವನು ಹೇಳಿದ. ಹಾಗಾದರೆ ಊರು ಬೆಳೀತಿದೆ, ಜನ ಇದ್ದಾರೆ ಅಂತಾಯಿತು, ಒಳ್ಳೇದಾಯಿತಲ್ಲ ಅಂದಳು. ಇಲ್ಲ, ಮನೆ ಇನ್ನೂ ಬಂದಿಲ್ಲ, ಬರೀ ಗುರುತಿನ ಕಲ್ಲು ನೆಟ್ಟಿದ್ದಾರೆ.

"ಕಲ್ಲಾ?" ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗೆ ಹೋಗಿ ಪಕ್ಕದ ಮನೆಯವಳನ್ನು ಕಿಟಕಿಯಿಂದ ಕೂಗಿ ಅವಳಿಗೂ ಹೇಳಿದಳು. ಅವಳೂ ನಕ್ಕಳು. ನಾವೂ ನಕ್ಕೆವು, ಇನ್ನೇನು ಮಾಡೋದು.

ವ್ಯಾನ್ ಬಂದಾಗ ಸಂಜೆಯಾಗಿತ್ತು. ನೀಲಿ ದಾರಿಯ ಅರ್ಧ ಹಾಗೇ ಉಳಿಯಿತು. ಹೋಗುವವರು ಸೆಪ್ಟೆಂಬರ್ ಕೊನೆಗೋ ಏಪ್ರಿಲ್‌ನಲ್ಲೋ ಹೋಗಿ. ನಡುಬೇಸಿಗೆಯಲ್ಲಿ ಬೆಂಕಿಯ ಅಪಾಯ ಹೆಚ್ಚಿದ್ದರೆ ಕಾಡಿನೊಳಗೆ ಬಿಡುವುದಿಲ್ಲ. ಇನ್ನು ಸೈಕಲ್ ಅಂಗಡಿ. ಪ್ಯಾಡ್ ಇಲ್ಲದ ಸೈಕಲ್ ಕೊಟ್ಟದ್ದಕ್ಕೆ ಕ್ಷಮೆ ಕೇಳುವುದಿರಲಿ, ಡಿಸ್ಕ್ ಸವೆದಿದೆ ಅಂತ ನಮ್ಮ ಡಿಪಾಸಿಟ್‌ನಲ್ಲೇ 60 ಯೂರೋ ಹಿಡಿದುಕೊಂಡರು. ಸೈಕಲ್ ಕೈಗೆ ಬಂದ ಕೂಡಲೇ ಎಲ್ಲ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ತಮ್ಮ ಇನ್ನೂ ಅವರಿಗೆ ಈಮೇಲ್ ಬರೀತಾನೇ ಇದ್ದಾನೆ.