ಆ ಒಂದೆಕರೆ ಹುಲ್ಲು

2008ರಲ್ಲಿ ನಾನು ಅಮೆರಿಕದ ಅಯೋವಾ ರಾಜ್ಯದ ಸೀಡರ್ ಫಾಲ್ಸ್‌ನಲ್ಲಿದ್ದೆ. ಅಲ್ಲಿಂದ ಹೈವೇ 57 ಹಿಡ್ಕೊಂಡು ಪಶ್ಚಿಮಕ್ಕೆ ಅರ್ಧ ಗಂಟೆ ಹೋದ್ರೆ ಪಾರ್ಕರ್ಸ್‌ಬರ್ಗ್ ಅಂತ ಒಂದು ಪುಟ್ಟ ಊರು ಸಿಗತ್ತೆ, ಎರಡೂ ಕಡೆ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ಸೋಯಾಬೀನ್, ಊರಿನ ಜನ ಎಲ್ಲ ಸೇರಿದ್ರೂ ಆಗ ಎರಡು ಸಾವಿರ ಆಗ್ತಿರ್ಲಿಲ್ಲ. ಆ ಊರಿನ ಹೈಸ್ಕೂಲ್ ಫುಟ್‌ಬಾಲ್ ಕೋಚ್ ಎಡ್ ಥಾಮಸ್ ಅವ್ರ ಬಗ್ಗೆ ಬರೀಬೇಕು ಅಂತ ತುಂಬಾ ವರ್ಷದಿಂದ ಅಂದ್ಕೊಳ್ತಾನೇ ಇದ್ದೆ, ಪ್ರತಿ ಸಲ ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗ್ದೆ ನಿಲ್ಲಿಸಿಬಿಡ್ತಿದ್ದೆ. ಇವತ್ತು ಹುಲ್ಲಿನಿಂದ ಶುರು ಮಾಡ್ತೀನಿ.

ಯಾಕಂದ್ರೆ ಆ ಮೈದಾನದ ಹುಲ್ಲು ಅವ್ರ ಪ್ರಾಣ. ಜನ ಅದನ್ನ 'ಸೇಕ್ರೆಡ್ ಏಕರ್' ಅಂತ ಕರೀತಿದ್ರು, ಪವಿತ್ರವಾದ ಒಂದೆಕರೆ ಅಂತ. ಹುಲ್ಲು ಕತ್ತರಿಸೋದು, ನೀರು ಬಿಡೋದು, ಗೊಬ್ಬರ ಹಾಕೋದು ಎಲ್ಲಾ ಅವ್ರೇ ಮುಂದೆ ನಿಂತು ಮಾಡ್ತಿದ್ರು. ಅವ್ರು ಅದೇ ಸ್ಕೂಲಲ್ಲಿ ಮೇಷ್ಟ್ರು, ಅಥ್ಲೆಟಿಕ್ ಡೈರೆಕ್ಟರ್ ಅಂದ್ರೆ ಸ್ಕೂಲಿನ ಆಟೋಟಗಳನ್ನೆಲ್ಲ ನೋಡ್ಕೊಳ್ಳೋರು, ಚರ್ಚಲ್ಲಿ ಹಿರಿಯರು. ಇಷ್ಟೆಲ್ಲ ಕೆಲ್ಸದ ಮಧ್ಯೆ ಹುಲ್ಲು ನೋಡ್ಕೊಳ್ಳೋಕೆ ಯಾರನ್ನಾದ್ರೂ ಇಡಬಹುದಿತ್ತು, ಆದ್ರೆ ಅದನ್ನ ಬೇರೆಯವ್ರ ಕೈಗೆ ಬಿಟ್ಟುಕೊಡೋ ಜಾಯಮಾನ ಅವ್ರದಲ್ಲ.

ಅಲ್ಲಿನ ಫುಟ್‌ಬಾಲ್ ಅಂದ್ರೆ ನಾವು ಕಾಲಲ್ಲಿ ಒದೆಯೋ ಆಟ ಅಲ್ಲ, ಮೊಟ್ಟೆ ಆಕಾರದ ಚೆಂಡು ಹಿಡ್ಕೊಂಡು ಓಡೋದು, ಎದುರಿನವ್ರು ಮೈಮೇಲೆ ಬಿದ್ದು ತಡೆಯೋದು. ಹೈಸ್ಕೂಲ್ ಮ್ಯಾಚ್ ಇರೋದು ಶುಕ್ರವಾರ ರಾತ್ರಿ. ಸಣ್ಣ ಊರುಗಳಲ್ಲಿ ಆವತ್ತು ಇಡೀ ಊರೇ ಮೈದಾನದಲ್ಲಿರತ್ತೆ, ಹಾರ್ವೆಸ್ಟಿಂಗ್ ಬಿಟ್ಟು ಬಂದ ರೈತ್ರು, ಅಜ್ಜ ಅಜ್ಜಿ, ಬ್ಯಾಂಡ್ ಬಾರಿಸೋ ಮಕ್ಕಳು, ಎಲ್ರೂ.

2008ರ ಮೇ 25, ಭಾನುವಾರ ಸಂಜೆ. ಸೀಡರ್ ಫಾಲ್ಸ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನವರೆಲ್ಲ ಬೇಸ್‌ಮೆಂಟಲ್ಲಿ ಕೂತಿದ್ವಿ, ಸೈರನ್ ನಿಲ್ತಾನೇ ಇಲ್ಲ, ರೇಡಿಯೋದಲ್ಲಿ ಪಾರ್ಕರ್ಸ್‌ಬರ್ಗ್, ನ್ಯೂ ಹಾರ್ಟ್‌ಫರ್ಡ್ ಅಂತ ಹೆಸ್ರುಗಳು ಬರ್ತಿದ್ವು. ಸುಂಟರಗಾಳಿ ನಮ್ಮೂರಿನ ಉತ್ತರಕ್ಕೆ ಹಾದು ಹೋಯ್ತು, ನಾವು ಉಳ್ಕೊಂಡ್ವಿ. ಪಾರ್ಕರ್ಸ್‌ಬರ್ಗ್‌ಗೆ ಹೊಡೆದಿದ್ದು ಇಎಫ್5 ಸುಂಟರಗಾಳಿ, ಅಂದ್ರೆ ಆ ಅಳತೆಯಲ್ಲಿ ಅದಕ್ಕಿಂತ ಮೇಲಿನದು ಇಲ್ಲ. ಊರಿನ ದಕ್ಷಿಣ ಭಾಗ ಪೂರ್ತಿ ನೆಲಸಮ, ಇನ್ನೂರಕ್ಕಿಂತ ಹೆಚ್ಚು ಮನೆ ಹೋದ್ವು, ಹೈಸ್ಕೂಲ್ ಕಟ್ಟಡ ಹೋಯ್ತು, ಜೀವಗಳೂ ಹೋದ್ವು. ಕೋಚ್ ಥಾಮಸ್ ಅವ್ರ ಮನೆಯೂ ಹೋಯ್ತು. ಹೀಗಿದ್ರೂ ಆ ಮನುಷ್ಯ ಹೇಳಿದ್ದೇನಂದ್ರೆ, ಈ ಸೀಸನ್‌ನ ಮೊದಲ ಹೋಮ್ ಗೇಮ್ ನಮ್ಮ ಮೈದಾನದಲ್ಲೇ ಆಡ್ತೀವಿ ಅಂತ.

ಮನೆ ಇಲ್ಲದವ್ರಿಗೆ ಮನೆ ಕಟ್ಟೋದು ಬಿಟ್ಟು ಆಟದ ಮೈದಾನಾನಾ ಅಂತ ಮೊದ್ಲು ಕೇಳ್ದಾಗ ನನಗೂ ಅನ್ನಿಸ್ತು, ಮುಚ್ಚಿಡಲ್ಲ. ನಾನು ಸ್ನೇಹಿತರ ಜೊತೆ ವಾಲಂಟಿಯರ್ ಆಗಿ ಹೋಗಿ ಅಲ್ಲಿ ಒಂದು ದಿನ ಕಳೆದ ಮೇಲೆ ಅರ್ಥ ಆಯ್ತು. ಹುಲ್ಲಿನ ಒಳಗೆಲ್ಲ ಗಾಜು, ಮೊಳೆ, ಮರದ ಚಕ್ಕೆ, ಯಾರ್ದೋ ಮನೆಯ ಗೋಡೆ ಚೂರು, ಯಾರ್ದೋ ಅಡುಗೆಮನೆಯ ತಟ್ಟೆ ಚೂರು. ಮಷೀನ್ ಹಾಕಿ ಬಳಿಯೋ ಹಾಗಿಲ್ಲ, ನಾಳೆ ಮಕ್ಕಳು ಅದರ ಮೇಲೆ ಬೀಳ್ತಾರಲ್ಲ. ಹಾಗಾಗಿ ಜನ ಭುಜಕ್ಕೆ ಭುಜ ತಾಗಿಸ್ಕೊಂಡು ಸಾಲಾಗಿ ಮಂಡಿಯೂರಿ, ಬೆರಳಲ್ಲಿ ಹುಲ್ಲು ಬಿಡಿಸಿ ಬಿಡಿಸಿ ಒಂದೊಂದೇ ಚೂರು ಹೆಕ್ಕಿ ಬಕೆಟ್‌ಗೆ ಹಾಕೋದು, ಒಂದು ಅಡಿ ಮುಂದೆ ಸರಿಯೋದು, ಮತ್ತೆ ಹೆಕ್ಕೋದು. ನನ್ನ ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸಿನ ಮನೆ ಪೂರ್ತಿ ಹೋಗಿತ್ತಂತೆ, ಮನೆ ಹತ್ರ ಹೋದ್ರೆ ಏನು ಮಾಡ್ಬೇಕು ಅಂತಾನೇ ತೋಚಲ್ಲಪ್ಪಾ, ಇಲ್ಲಿ ಒಂದು ಕೆಲ್ಸ ಮುಗಿಯೋದಾದ್ರೂ ಕಾಣತ್ತೆ ಅಂದ್ರು. ಆಮೇಲೆ ನಾನೇನೂ ಕೇಳ್ಲಿಲ್ಲ, ಇಬ್ರೂ ಸುಮ್ನೆ ಹೆಕ್ಕಿದ್ವಿ.

ಸೆಪ್ಟೆಂಬರ್‌ನಲ್ಲಿ ಅದೇ ಮೈದಾನದಲ್ಲಿ ಮ್ಯಾಚ್ ಆಯ್ತು. ಕ್ಲಾಸಿಗೆ ಪಕ್ಕದ ಆಪ್ಲಿಂಗ್ಟನ್‌ಗೆ ಹೋಗಬೇಕಾಗಿದ್ದ ಮಕ್ಕಳು ಆಟಕ್ಕೆ ಮಾತ್ರ ತಮ್ಮೂರಿಗೇ ಬಂದ್ರು. ಎರಡೂ ಊರಿಗೆ ಸೇರಿದ ಒಂದೇ ಸ್ಕೂಲ್ ಅದು, ಆಪ್ಲಿಂಗ್ಟನ್-ಪಾರ್ಕರ್ಸ್‌ಬರ್ಗ್ ಫಾಲ್ಕನ್ಸ್ ಅಂತ ಟೀಮು.

ಅವ್ರ ರೆಕಾರ್ಡ್ ಬಗ್ಗೆ ಜಾಸ್ತಿ ಎಳೆಯಲ್ಲ. 37 ವರ್ಷ ಕೋಚಿಂಗ್, 292 ಗೆಲುವು, 1993 ಮತ್ತು 2001ರಲ್ಲಿ ಸ್ಟೇಟ್ ಚಾಂಪಿಯನ್ಸ್, 2005ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನವ್ರು ಕೊಡೋ ವರ್ಷದ ಹೈಸ್ಕೂಲ್ ಕೋಚ್ ಪ್ರಶಸ್ತಿ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣೋ ವಿಷ್ಯ ಒಂದಿದೆ. ಅಷ್ಟು ಸಣ್ಣ ಊರಿಂದ ಅವ್ರ ಕೈಕೆಳಗೆ ಆಡಿದ ನಾಲ್ಕು ಜನ ಒಂದೇ ಕಾಲಕ್ಕೆ ಎನ್‌ಎಫ್‌ಎಲ್‌ನಲ್ಲಿದ್ರು, ಆರನ್ ಕ್ಯಾಂಪ್‌ಮನ್, ಕೇಸಿ ವೀಗ್‌ಮನ್, ಬ್ರ್ಯಾಡ್ ಮೀಸ್ಟರ್, ಜ್ಯಾರೆಡ್ ಡೆವ್ರೀಸ್. ನಾಲ್ಕೂ ಜನ ಲೈನ್‌ಮನ್‌ಗಳು, ಅಂದ್ರೆ ಮುಂದಿನ ಸಾಲಲ್ಲಿ ನಿಂತು ಎದುರಿನವ್ರ ಜೊತೆ ಗುದ್ದಾಡೋರು. ವೀಗ್‌ಮನ್, ಮೀಸ್ಟರ್ ಇಬ್ರೂ ಸೆಂಟರ್, ಉಳಿದಿಬ್ರು ಡಿಫೆನ್ಸಿವ್ ಎಂಡ್, ತಡೆಯೋ ಸಾಲಿನ ತುದಿಯಲ್ಲಿ ನಿಲ್ಲೋರು. ಈ ಆಟ ನೋಡಿದವ್ರಿಗೆ ಗೊತ್ತು, ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡತ್ತೆ, ಚೆಂಡು ಎಸೆದು ಆಟ ನಡೆಸೋ ಕ್ವಾರ್ಟರ್‌ಬ್ಯಾಕ್ ಹೆಸ್ರು ಮಕ್ಕಳ ಬಾಯಲ್ಲೂ ಇರತ್ತೆ, ಆದ್ರೆ ಸೆಂಟರ್ ಅಂದ್ರೆ ಬಗ್ಗಿ ಚೆಂಡನ್ನ ಹಿಂದಕ್ಕೆ ಕೊಟ್ಟು ಮರುಕ್ಷಣ ಎದುರಿನ ದೈತ್ಯನಿಗೆ ಎದೆ ಕೊಡೋನು, ಅವನ ಹೆಸ್ರು ಯಾರೂ ಕೂಗಲ್ಲ. ಆ ಜಾಗದಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ನಿಂತ್ಕೊಳ್ಳೋ ಮನುಷ್ಯರು ಆ ಊರಿಂದ ಬಂದಿದ್ದು ಕಾಕತಾಳೀಯ ಅಂತ ನನಗಂತೂ ಅನ್ಸಲ್ಲ. ಮೊದ್ಲು ದೇವ್ರು, ಆಮೇಲೆ ಮನೆಯವ್ರು, ಆಮೇಲೆ ಫುಟ್‌ಬಾಲ್, ಇದು ಅವ್ರು ಮಕ್ಕಳಿಗೆ ಹೇಳ್ತಿದ್ದ ಕ್ರಮ. ಬರೀ ಬ್ಲಾಕಿಂಗು ಟ್ಯಾಕ್ಲಿಂಗು ಕಲ್ತು ಹೋದ್ರೆ ನಾನು ಸೋತ ಹಾಗೆ ಅಂತ ಹೇಳ್ತಿದ್ರಂತೆ.

ಈಗ ಬರೆಯೋಕೆ ಕಷ್ಟ ಆಗೋ ಭಾಗ.

2009ರ ಜೂನ್ 24, ಬೆಳಿಗ್ಗೆ. ಸುಂಟರಗಾಳಿ ಆಗಿ ಇನ್ನೂ ಹದಿಮೂರು ತಿಂಗಳು. ಹೊಸ ಸ್ಕೂಲ್ ಕಟ್ಟಡ ಇನ್ನೂ ತೆರೆದಿರ್ಲಿಲ್ಲ, ಹಾಗಾಗಿ ಸ್ಕೂಲ್ ಬಸ್ ನಿಲ್ಲಿಸ್ತಿದ್ದ ಶೆಡ್ಡಲ್ಲಿ ಭಾರ ಎತ್ತೋಕೆ ತಾತ್ಕಾಲಿಕ ವೇಟ್ ರೂಮ್ ಮಾಡ್ಕೊಂಡಿದ್ರು, ಮಕ್ಕಳು ವ್ಯಾಯಾಮ ಮಾಡ್ತಿದ್ರು, ಕೋಚ್ ಅಲ್ಲೇ ಇದ್ರು. ಅವ್ರ ಹತ್ರಾನೇ ಆಡಿದ್ದ ಒಬ್ಬ ಹಳೇ ವಿದ್ಯಾರ್ಥಿ, ತೀವ್ರ ಮಾನಸಿಕ ಕಾಯಿಲೆಯಿಂದ ನರಳ್ತಿದ್ದ ಹುಡುಗ, ಬಂದೂಕು ಹಿಡ್ಕೊಂಡು ಒಳಗೆ ಬಂದ. ಮಕ್ಕಳ ಕಣ್ಣೆದುರೇ ಆಯ್ತು. ಕೋಚ್‌ಗೆ ಆಗ 58 ವರ್ಷ.

ನಾನು ಆಫೀಸಲ್ಲಿದ್ದೆ, ಪಕ್ಕದ ಸೀಟಿನ ಸಹೋದ್ಯೋಗಿ ಫೋನ್ ಕೆಳಗಿಟ್ಟು ಎದ್ದು ಹೊರಗೆ ಹೋದ, ಪಾರ್ಕಿಂಗ್ ಲಾಟಲ್ಲಿ ಕಾರಿಗೆ ಒರಗಿಕೊಂಡು ನಿಂತಿದ್ದ, ಬಹಳ ಹೊತ್ತು ಒಳಗೆ ಬರ್ಲಿಲ್ಲ. ಅವನು ಆ ಊರಿನವನೂ ಅಲ್ಲ, ಆ ಟೀಮಿನ ಎದುರು ಆಡಿ ಸೋತಿದ್ದ ಊರಿನವನು.

ಆ ಹುಡುಗನ ಮನೆಯವ್ರೂ ಥಾಮಸ್ ಮನೆಯವ್ರೂ ಆತ್ಮೀಯರು, ಒಂದೇ ಚರ್ಚ್‌ಗೆ ಹೋಗ್ತಿದ್ದವ್ರು, ಹುಡುಗನ ಅಪ್ಪನೂ ಅದೇ ಕೋಚ್ ಹತ್ರ ಆಡಿದವ್ರು. ಘಟನೆ ಆದ ದಿನವೇ ಕೋಚ್ ಮಗ ಆರನ್ ಥಾಮಸ್ ಮೈಕ್ ಮುಂದೆ ನಿಂತು, ಆ ಹುಡುಗನ ಅಪ್ಪ ಅಮ್ಮನಿಗಾಗಿಯೂ ಪ್ರಾರ್ಥನೆ ಮಾಡಿ, ಅವ್ರೂ ತುಂಬಾ ನೋವಲ್ಲಿದ್ದಾರೆ ಅಂತ ಊರಿಗೆ ಕೇಳ್ಕೊಂಡ್ರು. ಅಪ್ಪನನ್ನ ಕಳ್ಕೊಂಡು ಇನ್ನೂ ಒಂದು ದಿನ ಕಳೆದಿರ್ಲಿಲ್ಲ. ನಾನು ಅದನ್ನ ಟಿವಿಯಲ್ಲಿ ನೋಡ್ದೆ, ನೋಡಿ ಎದ್ದು ಹೋಗಿ ಅಡುಗೆಮನೆಯಲ್ಲಿ ನಿಂತ್ಕೊಂಡೆ. ನಮ್ಮ ಮನೇಲಿ ಹಾಗಾಗಿದ್ರೆ ನಾನು ಏನು ಮಾಡ್ತಿದ್ದೆ ಅಂತ ಆವತ್ತಿಂದ ಎಷ್ಟು ಸಲ ಕೇಳ್ಕೊಂಡಿದ್ದೀನೋ ಲೆಕ್ಕ ಇಲ್ಲ.

ಮುಂದಿನ ವರ್ಷ, 2010ರಲ್ಲಿ, ಥಾಮಸ್ ಕುಟುಂಬಕ್ಕೆ ಆರ್ಥರ್ ಆಶ್ ಕರೇಜ್ ಅವಾರ್ಡ್, ಅಂದ್ರೆ ಕ್ರೀಡಾ ಲೋಕದಲ್ಲಿ ಧೈರ್ಯ ತೋರಿದವ್ರಿಗೆ ಕೊಡೋ ಪ್ರಶಸ್ತಿ, ಕೊಟ್ರು. ಕೋರ್ಟು ಆ ಹುಡುಗನಿಗೆ ಜೀವಾವಧಿ ಶಿಕ್ಷೆ ಕೊಡ್ತು. ಆರನ್ ತಮ್ಮ ಕೆಲ್ಸ ಬಿಟ್ಟು ಪಾರ್ಕರ್ಸ್‌ಬರ್ಗ್‌ಗೆ ಬಂದು ಅಪ್ಪ ನೋಡ್ಕೊಳ್ತಿದ್ದ ಅಥ್ಲೆಟಿಕ್ ಡೈರೆಕ್ಟರ್ ಕೆಲ್ಸಾನೇ ತಗೊಂಡ್ರು. ಮೈದಾನಕ್ಕೆ ಈಗ ಎಡ್ ಥಾಮಸ್ ಅವ್ರ ಹೆಸರೇ ಇದೆ.

ನಾನು ಅಯೋವಾ ಬಿಟ್ಟು ಬಹಳ ವರ್ಷ ಆಯ್ತು. ನನ್ನ ಮಗ ಈಗ ಸ್ಕೂಲ್ ಟೀಮಲ್ಲಿ ಆಡ್ತಾನೆ, ಪ್ರಾಕ್ಟೀಸ್ ಮುಗಿದ ಮೇಲೆ ಕರ್ಕೊಂಡು ಬರೋಕೆ ಹೋದಾಗ ಮೈದಾನ ದಾಟಿ ಆ ಕಡೆ ಹೋಗ್ಬೇಕು. ಹುಲ್ಲಿನ ಮೇಲೆ ಕಾಲಿಟ್ಟ ತಕ್ಷಣ ಕಣ್ಣು ತಾನಾಗೇ ಕೆಳಗೆ ಹೋಗತ್ತೆ, ಗಾಜೇನಾದ್ರೂ ಇದೆಯಾ ಅಂತ. ಮೊನ್ನೆ ಒಂದು ಮೊಳೆ ಸಿಕ್ತು, ಎತ್ತಿ ಜೇಬಿಗೆ ಹಾಕ್ಕೊಂಡೆ. ಏನಪ್ಪಾ ಅದು ಅಂತ ಮಗ ಕೇಳ್ದ, ಮನೆಗೆ ಬರೋ ದಾರಿಯಲ್ಲಿ ಅವನಿಗೆ ಈ ಕಥೆ ಪೂರ್ತಿ ಹೇಳ್ದೆ.