ವೆನಿಸಿನ ಕಪ್ಪು ಕಲ್ಲಿನಲ್ಲಿ ಏನೇನಿದೆ?

ವೆನಿಸಿನ ಹಳೆಯ ಕಟ್ಟಡಗಳ ಫೋಟೊ ಸಿಕ್ಕರೆ ಸ್ವಲ್ಪ ದೊಡ್ಡದು ಮಾಡಿ ನೋಡಿ. ಮಳೆ ನೇರವಾಗಿ ಬಡಿಯುವ ಕಡೆ ಕಲ್ಲು ಬೆಳ್ಳಗಿರುತ್ತದೆ. ಸೂರಿನ ಕೆಳಗೆ, ಶಿಲ್ಪಗಳ ಗಲ್ಲದ ಅಡಿಯಲ್ಲಿ, ಮಳೆ ತಾಗದ ಸಂದುಗಳಲ್ಲಿ ಕಪ್ಪಗಿರುತ್ತದೆ. ಬಂದವರು ಅದನ್ನು ಕೊಳೆ ಎಂದುಕೊಂಡು ಮುಂದೆ ಹೋಗುತ್ತಾರೆ. ನಿಜಕ್ಕೂ ಅಲ್ಲಿ ಕಲ್ಲೇ ಬೇರೆ ವಸ್ತುವಾಗಿದೆ. ಗಾಳಿಯಲ್ಲಿನ ಸಲ್ಫರ್ ಡೈಆಕ್ಸೈಡ್ ತೇವದ ಜೊತೆ ಸೇರಿ ಆಮ್ಲವಾಗುತ್ತದೆ. ಆ ಆಮ್ಲ ಸುಣ್ಣದಕಲ್ಲಿನ ಮೇಲ್ಪದರವನ್ನು ಜಿಪ್ಸಂ ಮಾಡುತ್ತದೆ. ಮಳೆ ಬೀಳುವ ಕಡೆ ಜಿಪ್ಸಂ ನಿಧಾನವಾಗಿ ತೊಳೆದು ಹೋಗುತ್ತದೆ. ಮಳೆ ತಾಗದ ಕಡೆ ಉಳಿದು ಬೆಳೆಯುತ್ತದೆ. ಬೆಳೆಯುತ್ತಾ ಮಸಿ, ಬೂದಿ, ಲೋಹದ ಕಣ ಎಲ್ಲವನ್ನೂ ಒಳಗೆ ಹಿಡಿದಿಟ್ಟುಕೊಳ್ಳುತ್ತದೆ.

ಹೀಗಾಗಿ ಅದೊಂದು ಚೂರು ಕಪ್ಪು ಪದರ ಎರಡು ವಿಭಾಗದವರಿಗೂ ಬೇಕು. ಸ್ಮಾರಕ ಉಳಿಸುವವರಿಗೆ ಅದು ಕಲ್ಲಿನ ರೋಗ. ಮಾಲಿನ್ಯ ಅಳೆಯುವವರಿಗೆ ಅದು ಹಿಂದಿನ ದಶಕಗಳ ಗಾಳಿಯ ದಾಖಲೆ. ನಾನು ಕೆಲಸ ಮಾಡುವುದು ಈ ಎರಡೂ ಕೂಡುವ ಜಾಗದಲ್ಲಿ. ವೆನಿಸ್ ದ್ವೀಪದಿಂದ ಸೇತುವೆ ದಾಟಿದರೆ ಮೆಸ್ತ್ರೆ ಸಿಗುತ್ತದೆ. ಅಲ್ಲಿಯ ಒಂದು ಪ್ರಯೋಗಾಲಯದಲ್ಲಿ ಗಾಳಿಯ ಫಿಲ್ಟರ್, ಲಗೂನಿನ (ವೆನಿಸನ್ನು ಸುತ್ತಿರುವ ಉಪ್ಪುನೀರಿನ ಹಿನ್ನೀರು) ಕೆಸರು, ಹಳೆ ಗಾಜಿನ ಚೂರು, ಕಲ್ಲಿನ ಪದರ ಎಲ್ಲವೂ ಒಂದೇ ಮೇಜಿಗೆ ಬರುತ್ತವೆ. ಕೊನೆಗೆ ಎಲ್ಲವೂ ಒಂದು ದೊಡ್ಡ ಕೋಷ್ಟಕವಾಗುತ್ತವೆ. ಅಡ್ಡ ಸಾಲಿನಲ್ಲಿ ಸ್ಯಾಂಪಲ್‌ಗಳು, ಉದ್ದ ಸಾಲಿನಲ್ಲಿ ಧಾತುಗಳು.

"ಇಟಲಿಯಲ್ಲಿ ನಿನ್ನ ಕೆಲಸ ಏನು?" ಎಂದು ಊರಿನವರು ಫೋನಿನಲ್ಲಿ ಕೇಳುತ್ತಿರುತ್ತಾರೆ. ಎರಡು ನಿಮಿಷದಲ್ಲಿ ಹೇಳುವುದು ಕಷ್ಟ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಒಂದು ಸ್ಯಾಂಪಲ್‌ನಲ್ಲಿ ಸೀಸ ಎಷ್ಟಿದೆ ಎಂದು ಅಳೆದರೆ ಒಂದು ಸಂಖ್ಯೆ ಸಿಗುತ್ತದೆ. ಅದರಿಂದ ಹೆಚ್ಚು ಗೊತ್ತಾಗುವುದಿಲ್ಲ. ಸೀಸ ಹಳೆಯ ಪೆಟ್ರೋಲಿನಿಂದ ಬಂದಿರಬಹುದು, ಬಣ್ಣದಿಂದ ಬಂದಿರಬಹುದು, ಕಾರ್ಖಾನೆಯಿಂದಲೂ ಬಂದಿರಬಹುದು. ಆದರೆ ಸೀಸ ಏರಿದಾಗ ಜೊತೆಯಲ್ಲಿ ಯಾವುದು ಏರುತ್ತದೆ, ಯಾವುದು ಇಳಿಯುತ್ತದೆ ಎಂದು ನೋಡಿದರೆ ಚಿತ್ರ ಸಿಗತೊಡಗುತ್ತದೆ. ಇಪ್ಪತ್ತು ಮೂವತ್ತು ಅಳತೆಗಳನ್ನು ಬಿಡಿಬಿಡಿಯಾಗಿ ನೋಡದೆ ಒಟ್ಟಿಗೆ ನೋಡುವುದೇ ಬಹುಚರ ವಿಶ್ಲೇಷಣೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಕೀಮೋಮೆಟ್ರಿಕ್ಸ್ ಎನ್ನುತ್ತಾರೆ. ಆ ಹೆಸರನ್ನು 1970ರ ದಶಕದ ಶುರುವಿನಲ್ಲಿ ಸ್ವೀಡನ್ನಿನ ಸ್ವಾಂತೆ ವೊಲ್ಡ್ ಬಳಕೆಗೆ ತಂದರು. ಅದರ ಮುಖ್ಯ ಸಾಧನ ಪಿಸಿಎ (ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್) ಇನ್ನೂ ಹಳೆಯದು. 1901ರಲ್ಲಿ ಕಾರ್ಲ್ ಪಿಯರ್ಸನ್ ಅದರ ಮೂಲ ಯೋಚನೆ ಕೊಟ್ಟರು, 1933ರಲ್ಲಿ ಹೆರಾಲ್ಡ್ ಹೊಟೆಲಿಂಗ್ ಅದನ್ನು ಬೆಳೆಸಿದರು.

ಪಿಸಿಎ ಮಾಡುವುದೇನು? ಒಂದು ಕೊಡೆಯ ನೆರಳನ್ನು ಯೋಚಿಸಿ. ಬೆಳಕು ನೆತ್ತಿಯ ಮೇಲಿದ್ದರೆ ನೆರಳು ಬರೀ ದುಂಡಗೆ. ಪಕ್ಕದಿಂದ ಬಿದ್ದರೆ ಬಾಗು, ಕೋಲು, ಹಿಡಿ ಎಲ್ಲ ಕಾಣುತ್ತದೆ. ಇಪ್ಪತ್ತು ಆಯಾಮಗಳಲ್ಲಿ ಹರಡಿರುವ ಡೇಟಾವನ್ನು ಎರಡು ಆಯಾಮಗಳ ಹಾಳೆಯ ಮೇಲೆ ಇಳಿಸುವಾಗ, ಅತಿ ಹೆಚ್ಚು ಹರವು ಕಾಣುವ ಕೋನವನ್ನು ಪಿಸಿಎ ಹುಡುಕಿ ಕೊಡುತ್ತದೆ. ಸ್ಯಾಂಪಲ್‌ಗಳು ಎಲ್ಲಿ ಬೀಳುತ್ತವೆ ಎಂಬುದು ಸ್ಕೋರ್. ಯಾವ ಧಾತು ಅವನ್ನು ಆ ಕಡೆ ಎಳೆಯಿತು ಎಂಬುದು ಲೋಡಿಂಗ್. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಬೇಕು.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ನನಗೆ ತುಂಬ ಹೆಮ್ಮೆಯ ವಿಷಯ ಇದು. ಇಂಥ ಲೆಕ್ಕಗಳಲ್ಲಿ ಯಾವ ಸ್ಯಾಂಪಲ್ ಗುಂಪಿನಿಂದ ಎಷ್ಟು ದೂರವಿದೆ ಎಂದು ಹೇಳಲು ಇಲ್ಲಿ ನಿತ್ಯ ಬಳಸುವುದು ಮಹಾಲನೋಬಿಸ್ ದೂರ. ಅದನ್ನು 1936ರಲ್ಲಿ ಕೊಟ್ಟವರು ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಪಿ. ಸಿ. ಮಹಾಲನೋಬಿಸ್. ಅವರ ಸಂಸ್ಥೆಯಿಂದ 1946ರಲ್ಲಿ ಒಬ್ಬ ಯುವಕ ಕೇಂಬ್ರಿಡ್ಜ್‌ಗೆ ಹೋದರು. ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳ ಅಳತೆಗಳು ಅಲ್ಲಿಯ ಮ್ಯೂಸಿಯಂನಲ್ಲಿದ್ದವು. ಅವನ್ನು ಇದೇ ದೂರದ ಲೆಕ್ಕದಿಂದ ವಿಶ್ಲೇಷಿಸುವುದು ಅವರ ಕೆಲಸ. ಅವರೇ ಸಿ. ಆರ್. ರಾವ್, 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದವರು. ಮ್ಯೂಸಿಯಂ ಕೆಲಸ ಮಾಡುತ್ತಲೇ ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಅವರ ಕೈಕೆಳಗೆ ಪಿಎಚ್‌ಡಿ ಮುಗಿಸಿದರು. ಪ್ರಾಚೀನ ವಸ್ತುಗಳಿಗೆ ಬಹುಚರ ಲೆಕ್ಕ ಹಾಕಿದ ಮೊದಲಿಗರ ಸಾಲಿನಲ್ಲಿ ಅವರ ಹೆಸರಿದೆ. ಇಲ್ಲಿಯ ಸಹೋದ್ಯೋಗಿಗಳಿಗೆ ಇದನ್ನು ಹೇಳುವಾಗ ನನಗೆ ಬಹಳ ಖುಷಿಯಾಗುತ್ತದೆ.

ಗಾಳಿಯ ವಿಷಯಕ್ಕೆ ಬರೋಣ. ವೆನಿಸ್ ಸಮುದ್ರದ ಊರು ನಿಜ. ಆದರೆ ಅದರ ಬೆನ್ನಿಗೆ ಪೋ ನದಿಯ ಬಯಲಿದೆ. ಉತ್ತರಕ್ಕೂ ಪಶ್ಚಿಮಕ್ಕೂ ಆಲ್ಪ್ಸ್, ದಕ್ಷಿಣಕ್ಕೆ ಅಪೆನೈನ್ ಬೆಟ್ಟಗಳು. ಚಳಿಗಾಲದಲ್ಲಿ ಗಾಳಿ ಅಲ್ಲಾಡುವುದೇ ಇಲ್ಲ. ಹೊಗೆ ದಿನಗಟ್ಟಲೆ ನೆಲದ ಹತ್ತಿರವೇ ನಿಲ್ಲುತ್ತದೆ. ಪಿಎಂ 10, ಅಂದರೆ 10 ಮೈಕ್ರಾನ್ ಒಳಗಿನ ಸಣ್ಣ ಕಣಗಳು, ದಿನದ ಸರಾಸರಿಯಲ್ಲಿ ಒಂದು ಘನ ಮೀಟರಿಗೆ 50 ಮೈಕ್ರೋಗ್ರಾಂ ದಾಟಬಾರದು, ವರ್ಷಕ್ಕೆ 35 ದಿನ ಮಾತ್ರ ವಿನಾಯಿತಿ. ಇದು ಯುರೋಪಿನ ನಿಯಮ. ಈ ಬಯಲಿನ ಎಷ್ಟೋ ಊರುಗಳಲ್ಲಿ ಆ 35 ದಿನ ಸಾಲುವುದಿಲ್ಲ.

ಫಿಲ್ಟರ್ ಮೇಲೆ ಕೂತ ಕಣಗಳನ್ನು ಬಿಡಿಸಿ ನೋಡಿದರೆ ಪ್ರತಿ ಮೂಲಕ್ಕೂ ಒಂದು ಗುರುತು ಇರುತ್ತದೆ. ಸೋಡಿಯಂ, ಕ್ಲೋರೈಡ್ ಒಟ್ಟಿಗೆ ಬಂದರೆ ಸಮುದ್ರದ ಉಪ್ಪು. ಅಲ್ಯೂಮಿನಿಯಂ, ಸಿಲಿಕಾನ್, ಟೈಟಾನಿಯಂ ಬಂದರೆ ಮಣ್ಣಿನ ಧೂಳು. ಕೆಲವೊಮ್ಮೆ ಅದು ಸಹಾರಾದಿಂದಲೇ ಹಾರಿ ಬಂದಿರುತ್ತದೆ. ತಾಮ್ರ, ಆಂಟಿಮನಿ ಜೊತೆಯಾದರೆ ವಾಹನಗಳ ಬ್ರೇಕ್. ಪೊಟ್ಯಾಸಿಯಂ ಜೊತೆ ಲೆವೊಗ್ಲುಕೋಸಾನ್ ಬಂದರೆ ಸುಟ್ಟ ಕಟ್ಟಿಗೆ, ಏಕೆಂದರೆ ಮರದ ಸೆಲ್ಯುಲೋಸ್ ಉರಿದಾಗ ಆ ಸಕ್ಕರೆ ಹುಟ್ಟುತ್ತದೆ.

ಇಲ್ಲಿ ಪಿಸಿಎಯಿಂದ ಪೂರ್ತಿ ಕೆಲಸ ಆಗುವುದಿಲ್ಲ. ಅದರ ಲೆಕ್ಕದಲ್ಲಿ ಮೈನಸ್ ಸಂಖ್ಯೆಗಳು ಬರುತ್ತವೆ. ಗಾಳಿಯಲ್ಲಿ ಮೈನಸ್ ಎರಡು ಮೈಕ್ರೋಗ್ರಾಂ ಕಟ್ಟಿಗೆ ಹೊಗೆ ಇರಲು ಸಾಧ್ಯವೇ ಇಲ್ಲ, ಅಲ್ವಾ? 1994ರಲ್ಲಿ ಫಿನ್ಲೆಂಡಿನ ಪೆಂಟಿ ಪಾಟೆರೊ ಮತ್ತು ಉಂಟೊ ಟ್ಯಾಪರ್ ಇದಕ್ಕೊಂದು ದಾರಿ ತೋರಿಸಿದರು. ಪಿಎಂಎಫ್ (ಪಾಸಿಟಿವ್ ಮ್ಯಾಟ್ರಿಕ್ಸ್ ಫ್ಯಾಕ್ಟರೈಸೇಶನ್) ಎಂಬ ಆ ವಿಧಾನದಲ್ಲಿ ಉತ್ತರಗಳು ಸೊನ್ನೆಗಿಂತ ಕೆಳಗೆ ಇಳಿಯುವಂತಿಲ್ಲ. ಜೊತೆಗೆ ಪ್ರತಿ ಅಳತೆ ಎಷ್ಟು ನಂಬಿಕೆಗೆ ಅರ್ಹ ಎಂಬುದನ್ನೂ ಲೆಕ್ಕಕ್ಕೆ ಕೊಡಬಹುದು. ಅಂದಾಜಿನ ಅಳತೆಗೆ ತೂಕ ಕಡಿಮೆ, ಖಚಿತ ಅಳತೆಗೆ ಜಾಸ್ತಿ. ಇವತ್ತು ಜಗತ್ತಿನ ಬಹಳಷ್ಟು ನಗರಗಳಲ್ಲಿ ಮಾಲಿನ್ಯದ ಮೂಲಗಳ ಪಾಲನ್ನು ಹೇಳುವುದು ಇದರಿಂದಲೇ.

ಆದರೆ ನಾನು ಇಲ್ಲಿ ಕಲಿತ ದೊಡ್ಡ ವಿಷಯ ಲೆಕ್ಕದ್ದಲ್ಲ. ಕಂಪ್ಯೂಟರ್ ಕೊಡುವುದು "ಒಂದನೇ ಗುಂಪು, ಎರಡನೇ ಗುಂಪು" ಅಷ್ಟೇ. ಹೆಸರಿಡುವವರು ನಾವು. ಹೆಸರಿಡಲು ಊರು ಗೊತ್ತಿರಬೇಕು.

ವನೇಡಿಯಂ ಮತ್ತು ನಿಕ್ಕಲ್ ಜೋಡಿಯನ್ನೇ ನೋಡಿ. ಪುಸ್ತಕ ಓದಿ ಬಂದವರು ತಕ್ಷಣ "ಹಡಗು" ಎನ್ನುತ್ತಾರೆ. ಹಡಗಿನ ದಪ್ಪ ಎಣ್ಣೆ ಉರಿದರೆ ಈ ಎರಡೂ ಹೊರಬರುತ್ತವೆ ನಿಜ. ಆದರೆ ಲಗೂನಿನ ದಡದಲ್ಲಿ ಪೋರ್ತೊ ಮಾರ್ಗೇರಾ ಇದೆ. 1917ರಲ್ಲಿ ಹುಟ್ಟಿದ ದೊಡ್ಡ ಕೈಗಾರಿಕಾ ಪ್ರದೇಶ ಅದು. ಅಲ್ಲಿ ತೈಲ ಸಂಸ್ಕರಣೆ, ವಿದ್ಯುತ್ ಸ್ಥಾವರ, ರಾಸಾಯನಿಕ ಕಾರ್ಖಾನೆ ಎಲ್ಲ ಬೆಳೆದವು. ಎಣ್ಣೆ ಉರಿಸಿದ ಚಿಮಣಿಯಿಂದಲೂ ಅದೇ ವನೇಡಿಯಂ, ಅದೇ ನಿಕ್ಕಲ್. ಅಂದರೆ ಗುಂಪಿನ ರಸಾಯನ ನೋಡಿದರೆ ಸಾಲದು. ಆ ದಿನ ಈಶಾನ್ಯದಿಂದ ಬೋರಾ ಬೀಸಿತ್ತೋ, ಆಗ್ನೇಯದಿಂದ ಶಿರೊಕ್ಕೊ ಬೀಸಿತ್ತೋ? ಬಂದರಿನಲ್ಲಿ ಹಡಗು ನಿಂತಿತ್ತೋ ಇಲ್ಲವೋ? 2020ರಿಂದ ಜಗತ್ತಿನಾದ್ಯಂತ ಹಡಗಿನ ಎಣ್ಣೆಯಲ್ಲಿ ಗಂಧಕದ ಮಿತಿ ಶೇ. 3.5ರಿಂದ ಶೇ. 0.5ಕ್ಕೆ ಇಳಿಯಿತು. ಎಣ್ಣೆ ಬದಲಾದಂತೆ ವನೇಡಿಯಂ ಕೂಡ ಇಳಿಯಿತು. 2021ರ ಆಗಸ್ಟ್‌ನಿಂದ ದೊಡ್ಡ ಪ್ರವಾಸಿ ಹಡಗುಗಳು ವೆನಿಸಿನ ಮುಖ್ಯ ಚೌಕ ಸಾನ್ ಮಾರ್ಕೊ ಮುಂದೆ ಹಾದು ಹೋಗುವಂತಿಲ್ಲ. ಇಷ್ಟೆಲ್ಲ ತಿಳಿದವನಿಗೆ ಮಾತ್ರ ಹಳೆಯ ಫಿಲ್ಟರ್ ಮತ್ತು ಹೊಸ ಫಿಲ್ಟರ್ ಒಂದೇ ರೀತಿ ಓದಬಾರದು ಎಂಬುದು ಹೊಳೆಯುತ್ತದೆ.

ಪ್ರಯೋಗಾಲಯದ ಹಿರಿಯ ತಂತ್ರಜ್ಞರೊಬ್ಬರಿಗೆ ಲೆಕ್ಕದ ಸೂತ್ರಗಳಲ್ಲಿ ಆಸಕ್ತಿ ಕಡಿಮೆ. ಆದರೆ ಯಾವ ಕಣಿವೆಯಲ್ಲಿ ಜನ ಮನೆ ಬೆಚ್ಚಗಿಡಲು ಕಟ್ಟಿಗೆ ಒಲೆ ಉರಿಸುತ್ತಾರೆ, ಯಾವ ಕಾಲುವೆಯ ಹೂಳು ಯಾವಾಗ ತೆಗೆದರು ಎಂದು ಅವರು ಥಟ್ಟನೆ ಹೇಳುತ್ತಾರೆ. ಹೊರಗಿನಿಂದ ಬಂದ ನನಗೆ ಅವರೇ ದೊಡ್ಡ ಗುರು. ಇಟಾಲಿಯನ್ ಭಾಷೆಯನ್ನು ಸರಿಯಾಗಿ ಕಲಿಯಬೇಕು ಎಂದು ನಾನು ಹಟ ಹಿಡಿದದ್ದೂ ಇದಕ್ಕೇ. ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿವೆ. ಊರಿನ ನೆನಪು ಇಂಗ್ಲಿಷಿನಲ್ಲಿ ಇಲ್ಲ.

ನನಗೆ ಅತಿ ಇಷ್ಟದ ಉದಾಹರಣೆ ಮುರಾನೊ. ವೆನಿಸ್ ಗಣರಾಜ್ಯ ಬೆಂಕಿಯ ಭಯದಿಂದ 1291ರಲ್ಲಿ ಗಾಜಿನ ಕುಲುಮೆಗಳನ್ನು ಈ ದ್ವೀಪಕ್ಕೆ ಕಳಿಸಿತು. ಕುಲುಮೆಗಳು ಇಂದಿಗೂ ಉರಿಯುತ್ತಿವೆ. ವೆನಿಸಿನ ಗಾಳಿಯ ಫಿಲ್ಟರ್‌ಗಳಲ್ಲಿ ಕ್ಯಾಡ್ಮಿಯಂ, ಸೆಲೆನಿಯಂ, ಆರ್ಸೆನಿಕ್ ಒಟ್ಟಾಗಿ ಕಾಣುವ ಗುಂಪೊಂದಿದೆ. ಬೇರೆ ಊರಿನಲ್ಲಾದರೆ ಕಲ್ಲಿದ್ದಲನ್ನೋ ಲೋಹದ ಕಾರ್ಖಾನೆಯನ್ನೋ ಅನುಮಾನಿಸಬೇಕಿತ್ತು. ಇಲ್ಲಿ ಅದು ಗಾಜು. ಕೆಂಪು, ಕಿತ್ತಳೆ, ಹಳದಿ ಬಣ್ಣಕ್ಕೆ ಕ್ಯಾಡ್ಮಿಯಂ, ಸೆಲೆನಿಯಂ ಹಾಕುತ್ತಾರೆ. ಕರಗಿದ ಗಾಜಿನಿಂದ ಗುಳ್ಳೆ ಬಿಡಿಸಲು ಆರ್ಸೆನಿಕ್ ಬಳಸುತ್ತಿದ್ದರು. ಈಗ ಅದಕ್ಕೆ ಯುರೋಪಿನ ಕಾನೂನು ಬಿಗಿ ಹಿಡಿತ ಹಾಕಿದೆ. ಒಂದೇ ಕಸುಬು ಮ್ಯೂಸಿಯಂನ ಕಪಾಟಿನಲ್ಲೂ ಇದೆ, ನಮ್ಮ ಫಿಲ್ಟರ್ ಮೇಲೂ ಇದೆ.

ಮ್ಯೂಸಿಯಂನ ಗಾಜಿಗೂ ಇದೇ ಕೋಷ್ಟಕದ ಲೆಕ್ಕ. ರೋಮನ್ನರ ಗಾಜಿಗೆ ಸೋಡಾ ಬರುತ್ತಿದ್ದದ್ದು ಈಜಿಪ್ಟಿನ ನೇಟ್ರಾನ್ ಖನಿಜದಿಂದ. ಆ ಗಾಜಿನಲ್ಲಿ ಪೊಟ್ಯಾಶ್, ಮೆಗ್ನೀಷಿಯಾ ಎರಡೂ ಕಡಿಮೆ, ಸಾಮಾನ್ಯವಾಗಿ ಶೇ. 1.5ರ ಒಳಗೆ. ಮುಂದೆ ಗಿಡದ ಬೂದಿ ಬಳಸತೊಡಗಿದಾಗ ಎರಡೂ ಏರಿದವು. 15ನೇ ಶತಮಾನದ ನಡುವಿನಲ್ಲಿ ಮುರಾನೊದವರು ಸ್ಫಟಿಕದಂತೆ ತಿಳಿಯಾದ 'ಕ್ರಿಸ್ತಾಲ್ಲೊ' ಗಾಜು ಮಾಡಿದರು. ಮರಳಿನ ಬದಲು ತಿಚೀನೊ ನದಿಯ ಶುದ್ಧ ಬಿಳಿ ಬೆಣಚುಕಲ್ಲು ಪುಡಿ ಮಾಡಿ ಹಾಕಿದರು, ಬೂದಿಯನ್ನೂ ಶುದ್ಧ ಮಾಡಿಕೊಂಡರು. ಆಂಟ್ವರ್ಪ್ ಮೊದಲಾದ ಕಡೆ ಅದರ ನಕಲು ಶುರುವಾಯಿತು. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಸಾಧಾರಣ ಮರಳಿನ ಜೊತೆ ಜಿರ್ಕೋನಿಯಂ, ಟೈಟಾನಿಯಂ ಬಂದುಬಿಡುತ್ತದೆ. ಬೆಣಚುಕಲ್ಲಿನಲ್ಲಿ ಅವು ತೀರ ಕಡಿಮೆ.

ಹೀಗೆಂದರೆ ಸುಲಭ ಅನ್ನಿಸಬಹುದು. ಕೈಗೆ ಬಂದ ಕೋಷ್ಟಕ ಅಷ್ಟು ಸುಲಭವಲ್ಲ. ಸಿಲಿಕಾ ಶೇ. 70ರ ಹತ್ತಿರ, ಜಿರ್ಕೋನಿಯಂ ಹತ್ತು ಲಕ್ಷದಲ್ಲಿ ಕೆಲವೇ ಭಾಗ. ಹಾಗೇ ಲೆಕ್ಕಕ್ಕೆ ಕೊಟ್ಟರೆ ದೊಡ್ಡ ಸಂಖ್ಯೆ ಸಣ್ಣದನ್ನು ನುಂಗಿಬಿಡುತ್ತದೆ. ಆದ್ದರಿಂದ ಎಲ್ಲವನ್ನೂ ಒಂದೇ ಅಳತೆಗೆ ತರಬೇಕು. ತಂದರೆ ಇನ್ನೊಂದು ತೊಂದರೆ: ಯಂತ್ರ ಸರಿಯಾಗಿ ಅಳೆಯಲಾರದ ಧಾತುವಿನ ಸುಳ್ಳು ಏರಿಳಿತಕ್ಕೂ ಸಮಾನ ಮತ ಸಿಗುತ್ತದೆ. ಇದರ ಮೇಲೆ, ಗಾಜಿನ ಎಲ್ಲ ಭಾಗ ಕೂಡಿದರೆ ನೂರೇ ಆಗಬೇಕು. ಒಂದು ಏರಿದರೆ ಉಳಿದವು ಇಳಿದಂತೆ ಕಾಣುತ್ತವೆ, ನಿಜವಾಗಿ ಇಳಿದಿರದಿದ್ದರೂ. ಸ್ಕಾಟ್ಲೆಂಡಿನ ಜಾನ್ ಎಚಿಸನ್ 1980ರ ದಶಕದಲ್ಲಿ ಅನುಪಾತಗಳ ಲಾಗರಿದಮ್ ತೆಗೆದುಕೊಂಡು ಇದಕ್ಕೆ ಪರಿಹಾರ ಕೊಟ್ಟರು. ಆದರೂ ಈ ಹೆಜ್ಜೆ ಬಿಟ್ಟೇ ಬಿಡಿಸಿದ ಚಿತ್ರಗಳು ಇಂದಿಗೂ ಅಚ್ಚಾಗುತ್ತವೆ. ನನಗೆ ಅದು ನಿಜವಾಗಿ ಬೇಸರದ ವಿಷಯ.

ಯಂತ್ರದ ಮಿತಿಯೂ ಗೊತ್ತಿರಬೇಕು. ಗೋಡೆಯ ಚಿತ್ರಗಳನ್ನು ಮುಟ್ಟದೆ ಅಳೆಯಲು ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರವಿದೆ. ಅದು ಎಕ್ಸ್‌ರೇ ಬಿಟ್ಟು, ಪ್ರತಿ ಧಾತು ಮರಳಿ ಕೊಡುವ ಎಕ್ಸ್‌ರೇಯನ್ನು ಗೆರೆಗಳಾಗಿ ತೋರಿಸುತ್ತದೆ. ಅದರಲ್ಲಿ ಸೀಸದ ಮುಖ್ಯ ಗೆರೆಯೂ ಆರ್ಸೆನಿಕ್‌ನ ಮುಖ್ಯ ಗೆರೆಯೂ ಹೆಚ್ಚುಕಡಿಮೆ ಒಂದೇ ಕಡೆ, 10.5 ಕೆಇವಿ (ಎಕ್ಸ್‌ರೇ ಶಕ್ತಿಯ ಅಳತೆ) ಹತ್ತಿರ, ಬೀಳುತ್ತವೆ. ಸೀಸದ ಬಿಳಿ ಬಣ್ಣ ಇರುವ ಕಡೆಯೆಲ್ಲ ಯಂತ್ರ ಆರ್ಸೆನಿಕ್ ತೋರಿಸಬಹುದು. ಸೀಸ, ಆರ್ಸೆನಿಕ್ ಜೊತೆಜೊತೆಗೆ ಏರುತ್ತವೆ ಎಂದು ಪಿಸಿಎ ಕೂಡ ಒಪ್ಪಿಕೊಳ್ಳುತ್ತದೆ. ಆ ನಂಟು ಯಂತ್ರದ್ದು, ಚಿತ್ರಕಾರನದ್ದಲ್ಲ. ಟೈಟಾನಿಯಂ ಬಿಳಿ ಸಿಕ್ಕರೆ ಮಾತ್ರ ಮಾತು ಸರಳ. ಅದು 20ನೇ ಶತಮಾನದ ಬಣ್ಣ. ಹಳೆಯ ಚಿತ್ರದ ಮೇಲೆ ಅದಿದ್ದರೆ ಅಲ್ಲಿ ಆಮೇಲೆ ಯಾರೋ ತಿದ್ದಿದ್ದಾರೆ.

ಈ ಕಡೆ ಬರಲು ಆಸೆಯಿರುವ ವಿದ್ಯಾರ್ಥಿಗಳು ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ಆರ್ ಅಥವಾ ಪೈಥಾನ್ ಸಾಕು, ಎರಡೂ ಉಚಿತ. ಅಭ್ಯಾಸಕ್ಕೆ ಡೇಟಾ ಕೂಡ ಕೈಯಳತೆಯಲ್ಲೇ ಇದೆ. ಮಷೀನ್ ಲರ್ನಿಂಗ್ ಕಲಿತವರು 'ವೈನ್' ಎಂಬ ಕೋಷ್ಟಕ ನೋಡಿರುತ್ತೀರಿ. 178 ಸ್ಯಾಂಪಲ್, 13 ಅಳತೆ. ಅದು ಇಟಲಿಯದ್ದೇ. ಜೆನೋವಾದ ಮಿಕೆಲೆ ಫೊರೀನಾ ಮತ್ತು ಜೊತೆಗಾರರು ಪಿಯೆಮೊಂತೆಯ ಬರೋಲೊ, ಗ್ರಿನ್ಯೊಲೀನೊ, ಬರ್ಬೇರಾ ವೈನ್‌ಗಳನ್ನು ಅಳೆದು ಕೊಟ್ಟ ಡೇಟಾ. ಮೊದಲು ಅಳತೆಗಳನ್ನು ಹಾಗೇ ಇಟ್ಟು ಪಿಸಿಎ ಮಾಡಿ. ಪ್ರೋಲಿನ್ ಎಂಬ ಅಮೈನೋ ಆಮ್ಲದ ಒಂದೇ ಅಂಕಣ ಇಡೀ ಚಿತ್ರವನ್ನು ಆಕ್ರಮಿಸುತ್ತದೆ, ಏಕೆಂದರೆ ಅದರ ಸಂಖ್ಯೆಗಳು ಸಾವಿರ ದಾಟುತ್ತವೆ. ಆಮೇಲೆ ಎಲ್ಲವನ್ನೂ ಒಂದೇ ಅಳತೆಗೆ ತಂದು ಇನ್ನೊಮ್ಮೆ ಮಾಡಿ. ಮೂರು ಗುಂಪು ಬೇರೆಯಾಗಿ ಕಾಣುತ್ತವೆ. ಎರಡೂ ಚಿತ್ರಗಳ ಲೋಡಿಂಗ್‌ಗಳನ್ನು ಪಕ್ಕಪಕ್ಕ ಇಟ್ಟು, ಯಾವ ಗುಂಪನ್ನು ಯಾವ ಅಳತೆ ಎಳೆಯುತ್ತಿದೆ ಎಂದು ನಿಮ್ಮದೇ ಮಾತಿನಲ್ಲಿ ಬರೆದು ಕಳಿಸಿ. ಓದಿ ಉತ್ತರ ಬರೆಯುತ್ತೇನೆ.