ಒಂದೇ ಒಂದು ಔಟ್ ತೆಗೆದು ಮುಗಿದ ಗ್ಲಾವಿನ್ ಪಾಳಿ

2007 ಸೆಪ್ಟೆಂಬರ್ 30, ಭಾನುವಾರ ರಾತ್ರಿ
ಕ್ವೀನ್ಸ್, ನ್ಯೂಯಾರ್ಕ್

ಮಾರ್ಲಿನ್ಸ್ 8, ಮೆಟ್ಸ್ 1. ಮೆಟ್ಸ್‌ನ ಶೇ ಸ್ಟೇಡಿಯಂನಲ್ಲಿ ಈ ವರ್ಷದ ಕೊನೆಯ ಬೇಸ್‌ಬಾಲ್ ಪಂದ್ಯ ಇದು, ಋತುವಿನ 162ನೆಯದು. ಬೆಳಿಗ್ಗೆ ಮೆಟ್ಸ್ ಮತ್ತು ಫಿಲಿಸ್ ಎರಡೂ 88 ಗೆಲುವು, 73 ಸೋಲಿನಲ್ಲಿ ಸಮಸಮ. ಅತ್ತ ಫಿಲಡೆಲ್ಫಿಯಾದಲ್ಲಿ ಫಿಲಿಸ್ ನ್ಯಾಷನಲ್ಸ್ ತಂಡವನ್ನು 6-1ರಿಂದ ಸೋಲಿಸಿತು. 1993ರ ನಂತರ ಮೊದಲ ಸಲ ಡಿವಿಷನ್, ಅಂದರೆ ಗುಂಪಿನ ಮೊದಲ ಸ್ಥಾನ, ಅವರದಾಯಿತು.

ಇವತ್ತಿನ ಸ್ಕೋರ್‌ಕಾರ್ಡ್‌ನಲ್ಲಿ ಓದಬೇಕಾದ್ದು ಮೊದಲ ಇನಿಂಗ್ಸ್ ಮಾತ್ರ. ಮೆಟ್ಸ್‌ನ ಪಿಚರ್ (ಎಸೆತಗಾರ) ಟಾಮ್ ಗ್ಲಾವಿನ್ ಒಂಬತ್ತು ಬ್ಯಾಟರ್‌ಗಳಿಗೆ ಎಸೆದರು, ಸಿಕ್ಕಿದ್ದು ಒಂದು ಔಟ್. ಮಾರ್ಲಿನ್ಸ್‌ನ ಹ್ಯಾನ್ಲಿ ರಮೀರೆಜ್‌ಗೆ ನಾಲ್ಕು ‘ಬಾಲ್’ (ಹೊಡೆಯುವ ವಲಯ ತಪ್ಪಿದ ಎಸೆತ) ಹೋಗಿ ವಾಕ್, ಅಂದರೆ ಮೊದಲ ಬೇಸ್ ಉಚಿತ. ಡ್ಯಾನ್ ಅಗ್ಲಾ ಹೊಡೆದದ್ದಕ್ಕೆ ರಮೀರೆಜ್ ಎರಡನೇ ಬೇಸ್‌ನಲ್ಲಿ ಔಟ್. ಅಲ್ಲಿಂದ ಮುಂದೆ ತಡೆಯೇ ಇಲ್ಲ. ಹರ್ಮಿಡಾ ಸಿಂಗಲ್, ಕಬ್ರೇರಾ ಸಿಂಗಲ್, ಒಂದು ರನ್. ಕೋಡಿ ರಾಸ್ ಡಬಲ್ (ಎರಡು ಬೇಸ್‌ನ ಹೊಡೆತ) ಹೊಡೆದು ಇನ್ನಿಬ್ಬರನ್ನು ಮನೆಗೆ, ಅಂದರೆ ಹೋಂ ಪ್ಲೇಟ್‌ಗೆ, ತಂದರು. ರಾಸ್ ಮೂರನೇ ಬೇಸ್‌ಗೆ ಓಡುತ್ತಿದ್ದಾಗ ಮಧ್ಯದಲ್ಲಿ ಚೆಂಡು ಹಿಡಿದ ಗ್ಲಾವಿನ್ ಅದನ್ನು ಮೂರನೇ ಬೇಸ್‌ಮನ್ ಕೈಗೆ ಸಿಗದಂತೆ ಎಸೆದುಬಿಟ್ಟರು. ರಾಸ್ ಕೂಡ ಮನೆ ಸೇರಿದರು, ನಾಲ್ಕನೇ ರನ್. ಕಾರ್ಡಿನಲ್ಲಿ ಇದಕ್ಕೆ ‘ಇ1’ (ಇ ಎಂದರೆ ಎರರ್, ತಪ್ಪು) ಎಂದು ಬರೆಯಬೇಕು. ಫೀಲ್ಡಿಂಗ್ ಲೆಕ್ಕದಲ್ಲಿ ಪಿಚರ್ 1, ಕ್ಯಾಚರ್ 2, ಮೂರನೇ ಬೇಸ್‌ಮನ್ 5. ತಪ್ಪು ಎಸೆದವನದು, ಹಿಡಿಯಲಾಗದವನದಲ್ಲ.

ನೋವಾದದ್ದು ಐದನೇ ರನ್ನಿಗೆ. ಮೂರೂ ಬೇಸ್ ತುಂಬಿವೆ, ಬ್ಯಾಟ್ ಹಿಡಿದು ನಿಂತವರು ಎದುರಾಳಿಯ ಪಿಚರ್ ಡಾಂಟ್ರೆಲ್ ವಿಲ್ಲಿಸ್. ಈ ತಂಡಗಳ ನ್ಯಾಷನಲ್ ಲೀಗ್‌ನಲ್ಲಿ ಆಗ ಪಿಚರ್‌ಗಳೂ ಬ್ಯಾಟ್ ಮಾಡಬೇಕಿತ್ತು, ಸಾಮಾನ್ಯವಾಗಿ ಅದು ಸುಲಭದ ಔಟ್. ವಿಲ್ಲಿಸ್ ಚೆನ್ನಾಗಿ ಬ್ಯಾಟ್ ಮಾಡುತ್ತಾರೆ, ನಿಜ. ಆದರೂ ಚೆಂಡು ಅವರ ಮೈಗೇ ಬಡಿಯಿತು. ಬಡಿದರೆ ಒಂದು ಬೇಸ್ ಉಚಿತ, ಬೇಸ್ ತುಂಬಿದ್ದರೆ ರನ್ನೂ ಉಚಿತ. ಗ್ಲಾವಿನ್ ಹೊರಟರು, ಬದಲಿ ಪಿಚರ್ ಹೋರ್ಹೆ ಸೋಸಾ ಬಂದರು. ಅಗ್ಲಾ ಎರಡನೇ ಸಲ ಬಂದು ಡಬಲ್ ಹೊಡೆದಾಗ 7-0. ಒಂಬತ್ತೂ ಮಂದಿ ಆಡಿ ಮುಗಿದು ಸರದಿ ಮತ್ತೆ ಮೊದಲಿನವರಿಗೆ ಬಂದರೆ ಕಾರ್ಡಿನ ಎರಡನೇ ಕಾಲಂಗೆ ಹೋಗಿ, ಅದರ ತಲೆಯ ಇನಿಂಗ್ಸ್ ಸಂಖ್ಯೆ ‘2’ ಹೊಡೆದುಹಾಕಿ ‘1’ ಎಂದು ತಿದ್ದಬೇಕು. ಮುಂದಿನ ಅಂಕಿಗಳನ್ನೂ ಒಂದೊಂದು ಹಿಂದಕ್ಕೆ ಸರಿಸಬೇಕು. ಇದನ್ನು ಮರೆತರೆ ಇಡೀ ಕಾರ್ಡು ಕೆಡುತ್ತದೆ. ಅದಕ್ಕೇ ಪೆನ್ ಬೇಡ, ಪೆನ್ಸಿಲ್ ಇರಲಿ.

ಏಕೆ ಹೀಗಾಯಿತು? ಗ್ಲಾವಿನ್‌ಗೆ 41 ವರ್ಷ. ಇದೇ ಆಗಸ್ಟ್ 5ರಂದು 300ನೇ ಗೆಲುವು ಕಂಡ ಎಡಗೈ ಪಿಚರ್. ವೇಗ ಅವರ ಬಲವಲ್ಲ. 17 ಇಂಚು ಅಗಲದ ಹೋಂ ಪ್ಲೇಟ್‌ನ ಹೊರ ಅಂಚು, ಮತ್ತು ವೇಗದ ಎಸೆತದ ಅದೇ ಕೈಬೀಸಿನಲ್ಲಿ ನಿಧಾನವಾಗಿ ಬರುವ ಚೇಂಜಪ್, ಅವರ ಬದುಕೇ ಈ ಎರಡರ ಮೇಲೆ. ಅಂಚು ತಪ್ಪಿದರೆ ಬಾಲ್. ಬಾಲ್‌ಗಳು ಏರಿದಂತೆ ಚೆಂಡನ್ನು ನಡುವಿಗೆ ತರಲೇಬೇಕು, ತಗ್ಗದ ಚೇಂಜಪ್ ಬ್ಯಾಟಿಗೆ ಬಡಿಸಿಟ್ಟ ಊಟ. ಇನ್ನೊಂದು ಮಾತು, ಬೇಸ್‌ಬಾಲ್‌ನಲ್ಲಿ ಹೊರಹೋದ ಪಿಚರ್ ಮತ್ತೆ ಬರುವಂತಿಲ್ಲ. ಆರಂಭಿಕ ಪಿಚರ್ ಆರೇಳು ಇನಿಂಗ್ಸ್ ಎಳೆಯಬೇಕಿತ್ತು, 26 ಔಟ್‌ಗಳ ಹೊರೆ ಆಗಲೇ ಸವೆದಿದ್ದ ಬುಲ್‌ಪೆನ್ (ಬದಲಿ ಪಿಚರ್‌ಗಳ ಪಡೆ) ಹೆಗಲಿಗೆ ಬಿತ್ತು.

ಆ ಸವೆತ ಇಡೀ ವಾರದ್ದು. ಸೋಮವಾರ ಜೋಹಾನ್ಸ್‌ಬರ್ಗ್‌ನಲ್ಲಿ ಭಾರತ ಟಿ20 ವಿಶ್ವಕಪ್ ಎತ್ತಿದ ದಿನವೇ ಇಲ್ಲಿ ನ್ಯಾಷನಲ್ಸ್ ಎದುರು 13-4ರ ಸೋಲು. ಮರುದಿನ 10-9, ಬುಧವಾರ 9-6. ಮೂರು ದಿನದಲ್ಲಿ ಬಿಟ್ಟುಕೊಟ್ಟದ್ದು 32 ರನ್. ಸೆಪ್ಟೆಂಬರ್ 12ರಂದು 17 ಪಂದ್ಯ ಬಾಕಿ ಇರುವಾಗ ಏಳು ಪಂದ್ಯಗಳ ಮುನ್ನಡೆ ಇತ್ತು. ಆ 17ರಲ್ಲಿ ಗೆದ್ದದ್ದು ಐದೇ. ಋತುವಿನಲ್ಲಿ 78 ಬೇಸ್ ಕದ್ದ (ಹೊಡೆತವಿಲ್ಲದೆ ಓಡಿ ಮುಂದಿನ ಬೇಸ್ ಸೇರಿದ) ಮೆಟ್ಸ್‌ನ ಹೊಸೆ ರೆಯೆಸ್ ಈ ತಿಂಗಳು ಮೊದಲ ಬೇಸ್ ಮುಟ್ಟಲೇ ಕಷ್ಟಪಟ್ಟರು, ಇವತ್ತಂತೂ ಒಂದೂ ಹಿಟ್ ಇಲ್ಲ. ಅವರಿಗೆ ಜನ ಕೂಗಿ ಛೀಮಾರಿ ಹಾಕಿದ್ದು ಸರಿಯಲ್ಲ, ರನ್ ಕೊಟ್ಟದ್ದು ಅವರಲ್ಲ.

ಮರಳಿ ಬರುವ ಬಾಗಿಲು ಒಮ್ಮೆ ತೆರೆದಿತ್ತು. ಮೊದಲ ಇನಿಂಗ್ಸ್‌ನ ಕೆಳಪಾಳಿಯಲ್ಲಿ, ಮೆಟ್ಸ್ ಬ್ಯಾಟ್ ಹಿಡಿದಾಗ, ಒಂದು ರನ್ ಬಂದು, ಬೇಸ್‌ಗಳು ತುಂಬಿದ್ದಾಗ ರಮೋನ್ ಕ್ಯಾಸ್ಟ್ರೊ ಎಡಕ್ಕೆ ಎತ್ತಿ ಹೊಡೆದರು. ಪಕ್ಕದ ಲಾಗಾರ್ಡಿಯಾ ನಿಲ್ದಾಣದ ವಿಮಾನಗಳ ಸದ್ದನ್ನೂ ಮೀರಿ ಸ್ಟೇಡಿಯಂ ಎದ್ದು ನಿಂತಿತು. ಗೋಡೆ ದಾಟಿದ್ದರೆ 7-5. ಚೆಂಡು ಗೋಡೆಯ ಬಳಿ ಫೀಲ್ಡರ್ ಕೈಗೆ ಬಿತ್ತು. ಕಾರ್ಡಿನಲ್ಲಿ ಅದು ‘ಎಫ್7’ (ಎಫ್ ಎಂದರೆ ಎತ್ತಿದ ಚೆಂಡಿನ ಕ್ಯಾಚ್, 7 ಎಂದರೆ ಎಡ ಫೀಲ್ಡರ್), ಎಡ ಫೀಲ್ಡರ್‌ಗೆ ಹೋದ ಸಾಮಾನ್ಯ ಕ್ಯಾಚಿಗೂ ಇದೇ ಗುರುತು.